ಉಳಿದ ಉಲ್ಲನ್‌ನಿಂದ ಬೆಕ್ಕಿನ ಕಂಬಳಿ: ಮೂರು ಥರ ಹಾಕಿ ನೋಡಿದೆ, ಎರಡೆಳೆಯದ್ದೇ ವಾಸಿ

ಸೆಕೆಂಡ್‌ಹ್ಯಾಂಡ್ ಉಲ್ಲನ್ ಒಂದು ದೊಡ್ಡ ಚೀಲದ ತುಂಬಾ ಸಿಕ್ಕಿತ್ತು. ಅರ್ಧರ್ಧ ಉಂಡೆಗಳು, ಬಿಚ್ಚಿದ ಸ್ವೆಟರಿನ ಗುಂಗುರು ದಾರ, ಒಂದಕ್ಕೂ ಲೇಬಲ್ ಇಲ್ಲ. ಇದರಲ್ಲಿ ನಮ್ಮ ಬೆಕ್ಕು ಚಿನ್ನಿಗೆ ಕ್ರೋಷಾದಲ್ಲಿ, ಅಂದರೆ ಕೊಕ್ಕೆ ಕಡ್ಡಿಯಲ್ಲಿ, ಒಂದು ಕಂಬಳಿ ಹಾಕೋಣ ಅಂತ ಹೊರಟು ಕೊನೆಗೆ ಮೂರು ಹಾಕಿದೆ. ಒಂದು ಗ್ರಾನಿ ಸ್ಕ್ವೇರ್ (ನಡುವಿಂದ ಸುತ್ತುತ್ತಾ ಹಾಕಿದ ಕಿಂಡಿ ಕಿಂಡಿ ಚೌಕಗಳನ್ನು ಜೋಡಿಸಿದ್ದು), ಒಂದು ಹತ್ತಿ ದಾರದ್ದು, ಇನ್ನೊಂದು ಎರಡು ಎಳೆ ಸೇರಿಸಿ ಮಾಸ್ ಸ್ಟಿಚ್ ಅನ್ನೋ ಸುಲಭದ ಹೊಲಿಗೆಯಲ್ಲಿ ಹಾಕಿದ್ದು. ಮೂರನೆಯದೇ ನನಗೆ ಅಚ್ಚುಮೆಚ್ಚು. ಆದರೆ ಇದನ್ನು ಬರೆಯೋಕೆ ಕಾರಣ ಮೊದಲನೆಯದರಿಂದ ಆದ ಫಜೀತಿ.

ಚೂರು ದಾರ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಗ್ರಾನಿ ಸ್ಕ್ವೇರ್. ನೋಡೋಕೆ ಚಂದ, ಒಂದೊಂದು ಚೌಕ ಬೇಗ ಮುಗಿಯುತ್ತದೆ, ಚೀಲದಲ್ಲಿ ಹಾಕಿಕೊಂಡು ಎಲ್ಲಿ ಬೇಕಾದರೂ ಒಯ್ಯಬಹುದು. ನಾನು 24 ಚೌಕ ಹಾಕಿದೆ, ಒಂದೊಂದಕ್ಕೆ 3 ಬಣ್ಣ. ಒಂದು ಬಣ್ಣಕ್ಕೆ ಶುರುವಿನ ತುದಿ ಒಂದು, ಕೊನೆಯ ತುದಿ ಒಂದು. ಅಂದರೆ ಚೌಕಕ್ಕೆ 6, ಒಟ್ಟು 144 ತುದಿ. ಚೌಕಗಳನ್ನು ಜೋಡಿಸಿದ ದಾರದ ತುದಿಗಳು ಬೇರೆ.

ಈ ತುದಿಗಳನ್ನೆಲ್ಲ ಸೂಜಿಗೆ ಪೋಣಿಸಿ ಒಳಗೆ ಸೇರಿಸಬೇಕು. ಮೊದಲ ಹತ್ತು ಚೌಕ ಶ್ರದ್ಧೆಯಿಂದ ಮಾಡಿದೆ. ಆಮೇಲೆ ಸಾಕಾಗಿ, ಎರಡು ಸೆಂಟಿಮೀಟರ್ ಒಳಗೆ ತೂರಿಸಿ ಕತ್ತರಿಸುತ್ತಾ ಹೋದೆ. ಮನುಷ್ಯರು ಹೊದೆಯೋ ಶಾಲಾಗಿದ್ದರೆ ಅಷ್ಟೇ ಸಾಕಾಗುತ್ತಿತ್ತೇನೋ. ಬೆಕ್ಕು ಹಾಗಲ್ಲ. ಮಲಗೋ ಮುಂಚೆ ಮುಂಗಾಲಿಂದ ಹಿಟ್ಟು ನಾದಿದ ಹಾಗೆ ಒತ್ತುತ್ತದೆ, ಪ್ರತಿ ಒತ್ತಿಗೂ ಉಗುರು ದಾರದೊಳಗೆ ಹೋಗಿ ಬರುತ್ತದೆ. ಒಂದೇ ವಾರದಲ್ಲಿ ತುದಿಗಳು ಒಂದೊಂದಾಗಿ ಹೊರಗೆ ಇಣುಕಿದವು. ಒಂದು ಸಂಜೆ ನೋಡಿದರೆ ಚಿನ್ನಿ ಕೆಂಪು ದಾರವೊಂದನ್ನು ಅಗಿಯುತ್ತಾ ಕೂತಿದ್ದಾಳೆ, ಕಂಬಳಿಯ ಮೂಲೆಯ ಚೌಕ ಅರ್ಧ ಬಿಚ್ಚಿಕೊಂಡಿದೆ, ದಾರ ಗೇಣುದ್ದ ಒದ್ದೆಯಾಗಿದೆ. ಪುಣ್ಯಕ್ಕೆ ಅದು ಇನ್ನೂ ಹಲ್ಲಿನ ಮಧ್ಯೆಯೇ ಇತ್ತು, ಗಂಟಲಿಗೆ ಇಳಿದಿರಲಿಲ್ಲ. ಆವತ್ತು ನನ್ನ ಕೈ ನಡುಗಿದ್ದು ಇನ್ನೂ ನೆನಪಿದೆ.

ಯಾಕಷ್ಟು ಭಯ ಅಂದರೆ, ಬೆಕ್ಕಿನ ನಾಲಿಗೆಯ ಮೇಲಿನ ಮುಳ್ಳುಗಳು ಹಿಂದಕ್ಕೆ, ಗಂಟಲಿನ ಕಡೆಗೆ ಬಾಗಿರುತ್ತವೆ. ದಾರ ಒಮ್ಮೆ ಸಿಕ್ಕಿಕೊಂಡರೆ ಅದಕ್ಕೆ ಉಗುಳೋದು ಕಷ್ಟ, ನುಂಗುತ್ತಾ ಹೋಗುತ್ತದೆ. ಒಳಗೆ ಹೋದ ದಾರದ ಒಂದು ತುದಿ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ, ಲಾಡಿ ಎಳೆದಾಗ ಪೈಜಾಮದ ಸೊಂಟ ಮುದುರುತ್ತದಲ್ಲ, ಹಾಗೆ ಕರುಳು ಮುದುರಿಕೊಳ್ಳುತ್ತದೆ. ಕರುಳು ಹರಿಯಲೂಬಹುದು. ಆಪರೇಷನ್ನೇ ಮಾಡಬೇಕಾಗಬಹುದು. ನುಂಗಿದ ದಾರದ ತುದಿ ಬಾಯಲ್ಲೋ ಹಿಂದುಗಡೆಯೋ ಕಂಡರೆ ನೀವಾಗಿ ಎಳೆಯಬೇಡಿ, ತಕ್ಷಣ ಪಶುವೈದ್ಯರ ಹತ್ತಿರ ಹೋಗಿ. ಕಂಬಳಿಗೆ ಕುಚ್ಚು, ಪಾಂಪಾಂ ಯಾವುದೂ ಬೇಡವೇ ಬೇಡ.

ಗ್ರಾನಿ ಚೌಕದ ಕಿಂಡಿಗಳಿಗೆ ಉಗುರು ಸಿಕ್ಕಿ, ಬೆದರಿ, ಕಂಬಳಿ ಸಮೇತ ಓಡಿದ್ದೂ ಆಯಿತು. ಒಗೆದ ಮೇಲೆ ಇನ್ನೊಂದು ತೊಂದರೆ: ನಾಲ್ಕೈದು ಚೌಕ ಕುಗ್ಗಿ ಗಟ್ಟಿಯಾದವು, ಪಕ್ಕದವು ಹಾಗೇ ಇದ್ದವು. ಕುಗ್ಗಿದ್ದು ಅಸಲಿ ಉಣ್ಣೆ. ಬಿಸಿನೀರಲ್ಲಿ ತಿರುವಿದರೆ ಉಣ್ಣೆಯ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಿಡುತ್ತವೆ. ಅಕ್ರಿಲಿಕ್‌ಗೆ ಆ ಗುಣ ಇಲ್ಲ. ಈಗ ಲೇಬಲ್ ಇಲ್ಲದ ದಾರದ ಚೂರನ್ನು ಚಿಮಟದಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆ ಇಟ್ಟು, ಸುಟ್ಟು ನೋಡುತ್ತೇನೆ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್ ಅಥವಾ ಬೇರೆ ಸಿಂಥೆಟಿಕ್. ಕಾಗದ ಸುಟ್ಟ ಹಾಗಿದ್ದರೆ ಹತ್ತಿ. ಮಿಶ್ರ ದಾರವಾದರೆ ಮಾತ್ರ ಇದರಿಂದ ಸರಿಯಾಗಿ ಗೊತ್ತಾಗಲ್ಲ.

ಹತ್ತಿ ದಾರದ್ದರ ಬಗ್ಗೆ ಜಾಸ್ತಿ ಹೇಳೋದಿಲ್ಲ. ಕೂದಲು ಅಷ್ಟಾಗಿ ಅಂಟಲ್ಲ, ಬೇಸಿಗೆಗೆ ಹಿತ. ಆದರೆ ಒದ್ದೆಯಾದರೆ ಸಿಕ್ಕಾಪಟ್ಟೆ ಭಾರ, ಒಣಗೋಕೆ ಎರಡು ದಿನ ಹಿಡಿಯಿತು.

ಇನ್ನು ಎರಡೆಳೆಯದ್ದು. ಅಕ್ರಿಲಿಕ್ ಚೂರುಗಳನ್ನಷ್ಟೇ ಆರಿಸಿ, ಒಂದು ತೆಳು ಒಂದು ದಪ್ಪ ಅಂತ ಜೊತೆ ಮಾಡಿ, 6.5 ಎಂ.ಎಂ. ಕಡ್ಡಿಯಲ್ಲಿ ಹಾಕಿದೆ. ಮಾಸ್ ಸ್ಟಿಚ್ ಅಂದರೆ ಒಂದು ಸಿಂಗಲ್ ಕ್ರೋಷಾ (ಗಿಡ್ಡ ಸಾದಾ ಹೊಲಿಗೆ), ಒಂದು ಚೈನ್ (ಸರಪಳಿ ಕುಣಿಕೆ), ಕೆಳಗಿನ ಸಾಲಿನ ಒಂದು ಹೊಲಿಗೆ ಬಿಡೋದು. ಮುಂದಿನ ಸಾಲಲ್ಲಿ ಆ ಚೈನ್‌ನ ಕೆಳಗಿನ ಸಂದಿಗೆ ಕಡ್ಡಿ ಹಾಕೋದು, ಅಷ್ಟೇ. ಜುಂಗು ಜುಂಗಾದ ಹಳೇ ದಾರದಲ್ಲೂ ಆ ಸಂದಿ ಕೈಗೇ ಸಿಗುತ್ತದೆ, ಕಣ್ಣು ಕೀಲಿಸಿ ಹುಡುಕಬೇಕಾಗಿಲ್ಲ.

ಇದರ ದೊಡ್ಡ ಅನುಕೂಲ ಇರೋದು ತುದಿಗಳಲ್ಲೇ. ಒಂದು ಎಳೆ ಮುಗಿಯುವಾಗ ಇನ್ನೊಂದು ನಡೆಯುತ್ತಲೇ ಇರುತ್ತದೆ. ಮುಗಿಯೋಕೆ ಒಂದು ಗೇಣು ಇರುವಾಗ ಹೊಸ ದಾರವನ್ನು ಪಕ್ಕಕ್ಕಿಟ್ಟು ಏಳೆಂಟು ಹೊಲಿಗೆ ಮೂರು ಎಳೆಯಲ್ಲೇ ಹಾಕಿದರೆ ಎರಡೂ ತುದಿ ಒಳಗೇ ಸೇರಿಹೋಗುತ್ತವೆ. ಗಂಟೂ ಇಲ್ಲ. ಕೊನೆಗೆ ಸೂಜಿ ಹಿಡಿದಿದ್ದು ಶುರುವಿನ ತುದಿಗೆ ಮತ್ತು ಮುಕ್ತಾಯದ ತುದಿಗೆ ಮಾತ್ರ. ಚಿನ್ನಿ ಎರಡು ತಿಂಗಳಿಂದ ದಿನಾ ನಾದುತ್ತಿದ್ದಾಳೆ, ನಾನು ವಾರಕ್ಕೊಮ್ಮೆ ತಣ್ಣೀರಲ್ಲಿ ಮಷಿನ್‌ಗೆ ಹಾಕಿ, ಒಣಗಿದ ಮೇಲೆ ಬೆರಳಾಡಿಸಿ ನೋಡುತ್ತೇನೆ. ಇನ್ನೂ ಒಂದು ತುದಿಯೂ ಹೊರಗೆ ಬಂದಿಲ್ಲ.

ಅಂದದಲ್ಲೂ ಮೋಸವಿಲ್ಲ. ಎರಡು ಎಳೆ ಬೇರೆ ಬೇರೆ ಜಾಗದಲ್ಲಿ ಬದಲಾಗೋದರಿಂದ ನೀಲಿ ನಿಧಾನಕ್ಕೆ ಹಸಿರಿಗೆ, ಹಸಿರು ಹಳದಿಗೆ ತಿರುಗುತ್ತದೆ. ತೊಂದರೆ ಅಂದರೆ ದಾರ ಜಾಸ್ತಿ ಹಿಡಿಯುತ್ತದೆ, ಮಣಿಕಟ್ಟು ನೋಯುತ್ತದೆ. ಇಸ್ತ್ರಿ ಮಾತ್ರ ಮುಟ್ಟಿಸಬೇಡಿ, ಅಕ್ರಿಲಿಕ್ ಜೋತುಬಿದ್ದು ಮೊದಲಿನಂತಾಗಲ್ಲ.

ನಾನು ಕ್ರೋಷಾ ಹಿಡಿಯೋದು ರಾತ್ರಿ ಅರ್ಧ ಗಂಟೆ, ಮನೆಯವರ ಜೊತೆ ಮಾತಾಡ್ತಾ. ಹೊಸ ದಾರಕ್ಕೆ ದುಡ್ಡು ಹಾಕುವ ಮನಸ್ಸಿಲ್ಲ, ಸೂಜಿ ಕೆಲಸಕ್ಕೆ ತಾಳ್ಮೆ ಇಲ್ಲ, ಹಾಗಾಗಿ ನನಗೆ ಎರಡೆಳೆಯೇ ಸರಿ. 144 ತುದಿಗಳನ್ನೂ ಮೂರು ದಿಕ್ಕಿಗೆ ತಿರುಗಿಸಿ ಹೊಲಿಯುವಷ್ಟು ಸಹನೆ ಇರುವವರು ಚೌಕಗಳನ್ನೇ ಹಾಕಲಿ, ಆದರೆ ಕಿಂಡಿ ಇಲ್ಲದ ನಮೂನೆ ಆರಿಸಿಕೊಳ್ಳಲಿ. ನನ್ನ ಗ್ರಾನಿ ಕಂಬಳಿ ಈಗ ಬೀರುವಿನೊಳಗೆ, ಚಿನ್ನಿಗೆ ಸಿಗದ ಹಾಗೆ ಇದೆ. ಸುಟ್ಟು ನೋಡಿ ಬೇರೆ ಮಾಡಿಟ್ಟ ಉಣ್ಣೆಯ ಉಂಡೆಗಳೂ ಅದರ ಪಕ್ಕದಲ್ಲೇ ಇವೆ.