ಪಾತ್‌ಫೈಂಡರ್ ಸೊಸೈಟಿ, ರೀಮಾಸ್ಟರ್ ಆದ ಮೇಲೆ: ನನ್ನ ವಿಜಾರ್ಡ್ ಮತ್ತು ಒಂದು ಸ್ಲಾಟಿನ ಜಗಳ

ಪಾತ್‌ಫೈಂಡರ್ ಅಂದರೆ ಡೈಸ್ ಉರುಳಿಸಿ, ತಾವೇ ಕಟ್ಟಿದ ಪಾತ್ರದಿಂದ ಕಥೆ ಆಡುವ ಆಟ. ಅದರ ಎರಡನೇ ಆವೃತ್ತಿಯ ನಿಯಮವನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ನಾನು ಬರೆಯಲು ಕೂತದ್ದು ಒಂದೇ ಕಾರಣಕ್ಕೆ. ರೀಮಾಸ್ಟರ್ ಅಂತ ನಿಯಮ ಬದಲಾದಾಗ ನನ್ನ ಬೆಂಕಿ ವಿಜಾರ್ಡನ್ನು, ಅಂದರೆ ಮಂತ್ರವಾದಿ ಪಾತ್ರವನ್ನು, ಹೊಸದಾಗಿ ಕಟ್ಟಬೇಕಾಯಿತು. ಎರಡನೇ ರ‍್ಯಾಂಕಿನ ಒಂದು ಸ್ಲಾಟಿನ ವಿಷಯದಲ್ಲಿ ಹೊಟ್ಟೆಯುರಿ ಇನ್ನೂ ಆರಿಲ್ಲ. (ರ‍್ಯಾಂಕ್ ಅಂದರೆ ಮಂತ್ರದ ಮಟ್ಟ, ಸ್ಲಾಟು ಅಂದರೆ ಒಂದು ಮಂತ್ರ ಇಟ್ಟುಕೊಳ್ಳುವ ಜಾಗ.)

ನಾನು ಕಾಸರಗೋಡಿನ ಬದಿಯಡ್ಕದ ಹತ್ತಿರದವನು. ಸುತ್ತ ಕೂತು ಆಡುವ ಗುಂಪು ಇಲ್ಲಿ ಎಲ್ಲಿಂದ ಸಿಗಬೇಕು? ಹಾಗಾಗಿ ನಮ್ಮ ಮೇಜು ಆನ್‌ಲೈನಿನಲ್ಲಿ. ಜಿಎಂ (ಆಟ ನಡೆಸುವವರು) ಬೆಂಗಳೂರಿನಲ್ಲಿ, ಭಾವ ಪುತ್ತೂರಿನಲ್ಲಿ, ಇನ್ನೊಬ್ಬ ಕಾಞಂಗಾಡಿನವ. ಆಟದ ಹೆಸರುಗಳೆಲ್ಲ ಇಂಗ್ಲಿಷ್, ಜಗಳ ಕನ್ನಡ, ಬೈಗುಳ ಮಲಯಾಳ. ಕರೆಂಟು ಹೋದರೆ ಆಟ ಅಲ್ಲಿಗೆ ನಿಂತಿತು. ಮಳೆಗಾಲದಲ್ಲಿ ಇದು ಮಾಮೂಲಿ.

ಸೊಸೈಟಿ ಅಂದರೆ ಎಲ್ಲ ಮೇಜುಗಳಲ್ಲೂ ಒಂದೇ ನಿಯಮದಲ್ಲಿ ಆಡುವ ಏರ್ಪಾಡು. ಅದರ ಸುಖ ಏನೆಂದರೆ ಪಾತ್ರ ನಮ್ಮ ಜೊತೆಗೇ ಬರುತ್ತದೆ. ಇವತ್ತು ಈ ಜಿಎಂ, ನಾಳೆ ಗುರುತೇ ಇಲ್ಲದ ಇನ್ನೊಬ್ಬರು. ಪಾತ್ರಕ್ಕೊಂದು ಸಂಖ್ಯೆ (ಎರಡನೇ ಆವೃತ್ತಿಯಲ್ಲಿ 2001ರಿಂದ ಶುರು), ಪ್ರತಿ ಸಿನಾರಿಯೊಗೆ (ಒಂದು ಕೂಟದ ಸಾಹಸ ಕಥೆಗೆ) ಒಂದು ಕ್ರಾನಿಕಲ್ ಶೀಟು, ಅಂದರೆ ದಾಖಲೆ ಹಾಳೆ. ಒಂದು ಸಿನಾರಿಯೊ ಮುಗಿಸಿದರೆ 4 ಎಕ್ಸ್‌ಪಿ (ಅನುಭವದ ಅಂಕ), 12 ಆದರೆ ಒಂದು ಲೆವೆಲ್. ಅಂದರೆ ಲೆವೆಲ್ ಏರಲು ಮೂರು ರಾತ್ರಿಯ ನಿದ್ದೆ ಕೊಡಬೇಕು. ಅಷ್ಟು ಕೊಟ್ಟು ಬೆಳೆಸಿದ ಪಾತ್ರ ಅಂದಮೇಲೆ ಮಮತೆ ಇರುವುದಿಲ್ವಾ?

2023ರ ನವೆಂಬರಿನಲ್ಲಿ ಪ್ಲೇಯರ್ ಕೋರ್ ಎಂಬ ಹೊಸ ನಿಯಮ ಪುಸ್ತಕ ಬಂತು. ಅದರ ಹಿಂದೆ ಒಂದು ಕಥೆ ಇದೆ. ಆ ವರ್ಷದ ಜನವರಿಯಲ್ಲಿ ಓಪನ್ ಗೇಮ್ ಲೈಸೆನ್ಸನ್ನು (ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ ನಿಯಮಗಳನ್ನು ಬೇರೆಯವರೂ ಬಳಸಲು ಇದ್ದ ಪರವಾನಗಿ) ಬದಲಿಸುವ ಮಾತು ಹೊರಬಿದ್ದು ದೊಡ್ಡ ಗಲಾಟೆ ಆಯಿತು. ಆಮೇಲೆ ಪಾತ್‌ಫೈಂಡರ್ ಆ ಲೈಸೆನ್ಸಿನ ನೆರಳಿನಿಂದಲೇ ಹೊರಗೆ ಬಂತು. ಡಂಜನ್ಸ್ ಅಂಡ್ ಡ್ರಾಗನ್ಸ್ ಕಡೆಯಿಂದ ಬಂದ ಎಂಟು ಮಂತ್ರ ಸ್ಕೂಲುಗಳು (ಮಂತ್ರಗಳ ವಿಭಾಗಗಳು) ಹೋದವು, ಅಲೈನ್‌ಮೆಂಟ್ (ಪಾತ್ರ ಒಳ್ಳೆಯದೋ ಕೆಟ್ಟದ್ದೋ ಎಂಬ ಗುರುತು) ಹೋಯಿತು. ಮಂತ್ರಗಳ ಹೆಸರೂ ಬದಲಾಯಿತು: ಮ್ಯಾಜಿಕ್ ಮಿಸೈಲ್ ಫೋರ್ಸ್ ಬರಾಜ್ ಆಯಿತು, ಬರ್ನಿಂಗ್ ಹ್ಯಾಂಡ್ಸ್ ಬ್ರೀದ್ ಫೈರ್ ಆಯಿತು. ನಮ್ಮ ಕಡೆಯವರಿಗೆ ಇದೇನು ಹೊಸತಲ್ಲ ಬಿಡಿ. 1956ರ ನವೆಂಬರ್ 1ಕ್ಕೆ ತೋಟ, ಮನೆ, ಬಾವಿ ಎಲ್ಲ ಅಲ್ಲಲ್ಲೇ ಇದ್ದು ರಾಜ್ಯ ಮಾತ್ರ ಬದಲಾದ ಊರು ನಮ್ಮದು.

ಪಾತ್ರ ತಿದ್ದಲು ಕೂತ ರಾತ್ರಿ ನಿಜವಾಗಿ ಖುಷಿಯದ್ದು. ನಾನು ಫೋನಿನಲ್ಲಿ ಪಾತ್ರ ಇಡುವುದಿಲ್ಲ. ಮೊದಲು ಒಂದು ಆ್ಯಪ್ ಬಳಸುತ್ತಿದ್ದೆ, ಹೆಸರು ಬೇಡ. ಅಪ್‌ಡೇಟ್ ಆದ ದಿನ ಅರ್ಧ ಹಳೆಯದು, ಅರ್ಧ ಹೊಸದು ತೋರಿಸಿ ತಲೆ ಕೆಡಿಸಿತು. ಈಗ ಗೆರೆ ಹಾಕಿದ ನೋಟ್‌ಬುಕ್, ಪೆನ್ಸಿಲ್, ರಬ್ಬರ್. ಊಟ ಆದಮೇಲೆ ಜಗಲಿಯಲ್ಲಿ ಒಂದು ಲೋಟ ಕಣ್ಣ ಚಾ ಇಟ್ಟುಕೊಂಡು ಕೂರುವುದು. ಡೈಸ್ ಉರುಳಿಸಲು ಅಡಿಕೆಯ ಹಾಳೆ ತಟ್ಟೆ. ಅಂಚು ಎತ್ತರ ಇರುವುದರಿಂದ ಡೈಸ್ ಹೊರಗೆ ಹಾರುವುದಿಲ್ಲ, ಸದ್ದೂ ಕಡಿಮೆ. ಒಳಗೆ ಮಲಗಿದ ಅಮ್ಮನಿಗೆ ಎಚ್ಚರವಾಗುವುದಿಲ್ಲ. ದುಡ್ಡು ಕೊಟ್ಟು ಡೈಸ್ ಟ್ರೇ ತರಿಸುವವರು ಒಮ್ಮೆ ಇದನ್ನು ನೋಡಿ.

18 ಅಂತ ಇದ್ದ ಇಂಟೆಲಿಜೆನ್ಸ್ ಅಳಿಸಿ ಬರೀ +4 ಬರೆದೆ. ಅಲೈನ್‌ಮೆಂಟಿನ ಜಾಗ ಖಾಲಿ ಬಿಟ್ಟೆ. ಆಯುಧದ ಸಾಲಿಗೆ ಬಂದಾಗ ನಗು ಬಂತು. ಮೊದಲು ವಿಜಾರ್ಡಿಗೆ ಬೆರಳೆಣಿಕೆಯ ಆಯುಧ ಮಾತ್ರ, ಈಗ ಸಿಂಪಲ್ ಆಯುಧ ಎಲ್ಲ ಹಿಡಿಯಬಹುದು. ಈಟಿಯನ್ನೇ ಕೊಟ್ಟೆ. ಒಮ್ಮೆಯೂ ಬಳಸಿಲ್ಲ, ಆದರೆ ಕೈಯಲ್ಲಿ ಚೆನ್ನಾಗಿ ಕಾಣುತ್ತದೆ.

ಪುಟ ತಿರುಗಿಸಿದ ಮೇಲೆ ಶುರುವಾಯಿತು ಗೋಳು. ಬೆಂಕಿ ಎಸೆಯುವ ಪ್ರೊಡ್ಯೂಸ್ ಫ್ಲೇಮ್ ಮಂತ್ರ ಹೋಗಿ ಇಗ್ನಿಷನ್ ಬಂದಿದೆ. ಮೊದಲನೇ ಲೆವೆಲ್ಲಿನ ಲೆಕ್ಕ ಹಿಡಿಯಿರಿ. ಮೊದಲು ಪೆಟ್ಟು 1ಡಿ4 (ನಾಲ್ಕು ಮುಖದ ಒಂದು ಡೈಸ್) ಜೊತೆಗೆ ಇಂಟೆಲಿಜೆನ್ಸಿನ 4, ಎಷ್ಟು ಕೆಟ್ಟದಾಗಿ ಬಿದ್ದರೂ 5. ಈಗ 2ಡಿ4, ಕೆಟ್ಟದಾಗಿ ಬಿದ್ದರೆ 2. ಆಗ ಸರಾಸರಿ ಆರೂವರೆ, ಈಗ 5. ನನ್ನ ಡೈಸಿನ ಅದೃಷ್ಟ ನೋಡಿದವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಅದನ್ನಾದರೂ ನುಂಗಿಕೊಂಡೆ. ಸ್ಕೂಲಿನ ಸ್ಲಾಟು ನುಂಗಲು ಆಗಲಿಲ್ಲ. ನನ್ನವನು ಆ ಎಂಟು ಹಳೆಯ ಸ್ಕೂಲುಗಳಲ್ಲಿ ಒಂದಾದ ಇವೊಕೇಶನ್ನಿನ ವಿಜಾರ್ಡ್. ಪ್ರತಿ ರ‍್ಯಾಂಕಿಗೂ ಒಂದು ಹೆಚ್ಚುವರಿ ಸ್ಲಾಟು, ಅದರಲ್ಲಿ ಇವೊಕೇಶನ್ನಿನ ಯಾವ ಮಂತ್ರವನ್ನೂ ಇಡಬಹುದಿತ್ತು. ನಾನು ಎರಡನೇ ರ‍್ಯಾಂಕಿನಲ್ಲಿ ಯಾವಾಗಲೂ ಫ್ಲೇಮಿಂಗ್ ಸ್ಫಿಯರ್, ಅಂದರೆ ಬೆಂಕಿಯ ಉಂಡೆ, ಇಡುತ್ತಿದ್ದೆ. ಹೊಸ ಪುಸ್ತಕದಲ್ಲಿ ಅವನಿಗೆ ಹತ್ತಿರದ್ದು ಬ್ಯಾಟಲ್ ಮ್ಯಾಜಿಕ್ ಸ್ಕೂಲ್. ಈಗ ಆ ಸ್ಲಾಟಿಗೆ ಸ್ಕೂಲಿನ ಚಿಕ್ಕ ಪಟ್ಟಿಯದ್ದೇ ಆಗಬೇಕು. ಎರಡನೇ ರ‍್ಯಾಂಕಿಗೆ ಪಟ್ಟಿಯಲ್ಲಿರುವುದು ಮಂಜು ಎಬ್ಬಿಸುವ ಮಿಸ್ಟ್ ಮತ್ತು ಬೆಂಕಿ, ಚಳಿಯಂಥದ್ದನ್ನು ತಡೆಯುವ ರೆಸಿಸ್ಟ್ ಎನರ್ಜಿ. ಯುದ್ಧದ ಸ್ಕೂಲಂತೆ, ಹೊಡೆಯಲು ಒಂದೂ ಇಲ್ಲ! ಬೇಕಾದರೆ ಬ್ರೀದ್ ಫೈರನ್ನೇ ರ‍್ಯಾಂಕ್ ಏರಿಸಿ ಇಡಬಹುದು. ಸ್ಫಿಯರ್ ಈಗ ಫ್ಲೋಟಿಂಗ್ ಫ್ಲೇಮ್ ಆಗಿ ಮಾಮೂಲಿ ಸ್ಲಾಟಿನಲ್ಲಿ ಕೂರುತ್ತದೆ, ಅಂದರೆ ಅಲ್ಲಿ ಬೇರೆ ಏನನ್ನೋ ಬಿಡಬೇಕು. ಮೊದಲ ಆಟದಲ್ಲೇ ಭಾವ ಕೇಳಿದ, "ಭಾವ, ನಿನ್ನ ಕಿಚ್ಚಿನ ಉಂಡೆ ಎಲ್ಲಿಗೆ ಹೋತು?"

ಮನೆ ಆಟವಾಗಿದ್ದರೆ ಜಿಎಂ "ಹೋಗಲಿ, ಹಳೆಯದೇ ಇಟ್ಟುಕೊಳ್ಳಿ" ಅನ್ನುತ್ತಿದ್ದರು, ಮಾತು ಮುಗಿಯುತ್ತಿತ್ತು. ಸೊಸೈಟಿಯಲ್ಲಿ ಅದು ನಡೆಯುವುದಿಲ್ಲ. ನಾಳೆಯ ಮೇಜಿನ ಜಿಎಂಗೆ ಈ ಒಪ್ಪಂದ ಗೊತ್ತಿರುವುದಿಲ್ಲ. ಪಾತ್ರ ಎಲ್ಲ ಕಡೆ ನಡೆಯಬೇಕು ಅಂತಾದರೆ ಯಾರಿಗೂ ವಿಶೇಷ ರಿಯಾಯಿತಿ ಇರಬಾರದು. ನಾನು ಸೊಸೈಟಿಗೆ ಬಂದದ್ದೂ ಆ ಗುಣ ನೋಡಿಯೇ, ಕೈ ಸುಟ್ಟದ್ದೂ ಅದರಿಂದಲೇ.

ಸಿಟ್ಟಿನಲ್ಲಿ ಸುಮ್ನೆ ಮಿಸ್ಟ್ ಇಟ್ಟುಕೊಂಡು ಆಡಿದೆ. ಒಂದು ರಾತ್ರಿ ಬಿಲ್ಲುಗಾರರ ಎದುರು ಸಿಕ್ಕಿಬಿದ್ದೆವು, ಭಾವನ ಫೈಟರ್ ಆಗಲೇ ನೆಲ ಕಂಡಿದ್ದ. ಮಂಜು ಎಬ್ಬಿಸಿದೆ. ಈಗ ಜಿಎಂ ಪ್ರತಿ ಬಾಣಕ್ಕೂ ಮೊದಲು ಡಿ20 (ಇಪ್ಪತ್ತು ಮುಖದ ಡೈಸ್) ಉರುಳಿಸಿ 5 ಅಥವಾ ಮೇಲೆ ಬೀಳಿಸಬೇಕು, ಇಲ್ಲದಿದ್ದರೆ ಬಾಣ ವ್ಯರ್ಥ. ಐದರಲ್ಲಿ ಒಂದು ಬಾಣ ಉಳಿಸುವ ಮಂತ್ರ, ಜಾಸ್ತಿ ಏನಿಲ್ಲ. ಆದರೆ ಆ ರಾತ್ರಿ ಬೇಕಾದ ಬಾಣವೇ ತಪ್ಪಿತು, ಫೈಟರನ್ನು ಎಳೆದುಕೊಂಡು ಓಡಿದೆವು. ಈಗ ಸಿನಾರಿಯೊದ ವಿವರಣೆಯಲ್ಲಿ ಬಯಲು ಜಾಗ ಅಂತ ಕಂಡರೆ ನಾನಾಗಿಯೇ ಮಿಸ್ಟ್ ಬರೆದುಕೊಳ್ಳುತ್ತೇನೆ. ಪಟ್ಟಿ ಚಿಕ್ಕದು ಎಂಬ ದೂರು ಮಾತ್ರ ಹಾಗೇ ಇದೆ.

ಖರ್ಚಿನ ವಿಷಯ. ಗಟ್ಟಿ ರಟ್ಟಿನ ಪುಸ್ತಕ ಬಂದಾಗ ಸುಮಾರು 60 ಡಾಲರ್ ಇತ್ತು, ಮೇಲೆ ಸಾಗಣೆ. ನಾನು ತೆಗೆದುಕೊಂಡಿಲ್ಲ. ನಿಯಮಗಳೆಲ್ಲ ಆರ್ಕೈವ್ಸ್ ಆಫ್ ನೆಥಿಸ್ ಎಂಬ ಜಾಲತಾಣದಲ್ಲಿ ಪುಕ್ಕಟೆ, ಕಾನೂನುಬದ್ಧವಾಗಿಯೇ ಸಿಗುತ್ತವೆ. ಅದಿಲ್ಲದಿದ್ದರೆ ನಿಯಮ ಬದಲಾದ ದಿನವೇ ನಾನು ಆಟ ಬಿಡುತ್ತಿದ್ದೆ.

ಹೊಸದಾಗಿ ಸೇರುವವರು ಹೆದರಬೇಡಿ. ಎರಡನೇ ಲೆವೆಲ್ಲಿನಲ್ಲಿ ಆಡಲು ಕೂರುವ ತನಕ ಪಾತ್ರವನ್ನು ಎಷ್ಟು ಬೇಕಾದರೂ ಬದಲಿಸಬಹುದು. ಆ ಅವಧಿಯಲ್ಲಿ ಮನಸ್ಸು ಬಂದದ್ದೆಲ್ಲ ಆಡಿ ನೋಡಿ. ಬೆಂಕಿ ಎಸೆಯುವುದೇ ಆಸೆ ಇದ್ದರೆ ವಿಜಾರ್ಡ್ ಬೇಡ, 2024ರ ಆಗಸ್ಟಿನ ಪ್ಲೇಯರ್ ಕೋರ್ 2ರಲ್ಲಿ ಸೋರ್ಸರರ್ ಎಂಬ ಇನ್ನೊಂದು ಬಗೆಯ ಮಂತ್ರವಾದಿ ಇದೆ. ನನ್ನ 2002ನೇ ಪಾತ್ರಸಂಖ್ಯೆ ಅದಕ್ಕೇ ಮೀಸಲು. ಭಾವ ಮಾತ್ರ ಈಗಲೇ ಹೇಳುತ್ತಿದ್ದಾನೆ, ರಬ್ಬರ್ ಎರಡು ತಂದಿಟ್ಟುಕೋ ಅಂತ.