ಕ್ಯಾಲಿಫೋರ್ನಿಯಾ ವಿಚ್ಛೇದನ: ಹಣದ ಮೂಲ ಹುಡುಕಿಕೊಡುವ ಲೆಕ್ಕಿಗರ ಸೇವೆ

ಮದುವೆಗೆ ಮುಂಚಿನ ಉಳಿತಾಯ, ಉಡುಗೊರೆ, ಪಿತ್ರಾರ್ಜಿತ ಇವೆಲ್ಲ ಸ್ವಂತದ್ದು. ದಾಂಪತ್ಯದಲ್ಲಿ ದುಡಿದದ್ದು ಇಬ್ಬರದೂ. ಇಷ್ಟಕ್ಕೇ ಯಾರಿಗೂ ಶುಲ್ಕ ಕೊಡಬೇಕಿಲ್ಲ. ಎರಡೂ ಒಂದೇ ಖಾತೆಯಲ್ಲಿ ಬೆರೆತಾಗ ಮಾತ್ರ ಫೊರೆನ್ಸಿಕ್ ಲೆಕ್ಕಿಗರ, ಅಂದರೆ ದಾಖಲೆಗಳಿಂದ ಹಣದ ಜಾಡು ಹಿಡಿಯುವವರ ಕೆಲಸ ನಿಜಕ್ಕೂ ಸಾರ್ಥಕ.

ಮನೆಯ ಮುಂಗಡಕ್ಕೆ ಹಾಕಿದ ಸ್ವಂತ ಹಣವನ್ನು, ಲಿಖಿತವಾಗಿ ಬಿಟ್ಟುಕೊಟ್ಟಿರದಿದ್ದರೆ, ಕ್ಯಾಲಿಫೋರ್ನಿಯಾದ ಕುಟುಂಬ ಸಂಹಿತೆಯ (ಫ್ಯಾಮಿಲಿ ಕೋಡ್) 2640ನೇ ಸೆಕ್ಷನ್ ಮರಳಿ ಕೊಡಿಸುತ್ತದೆ. ಆದರೆ ಅದರ ಮೇಲೆ ಬಡ್ಡಿ ಸಿಗದು. ಸಾಲದ ಬಡ್ಡಿ, ತೆರಿಗೆ, ವಿಮೆಗೆ ಕಟ್ಟಿದ್ದೂ ಲೆಕ್ಕಕ್ಕಿಲ್ಲ. ಒಳ್ಳೆಯ ಲೆಕ್ಕಿಗರು ಇದನ್ನು ಮೊದಲೇ ಹೇಳುತ್ತಾರೆ. ಹೇಳದವರನ್ನು ಬಿಟ್ಟುಬಿಡಿ.

ದಾಖಲೆಯೇ ಇಲ್ಲಿ ಜೀವಾಳ. ಮದುವೆಯ ದಿನ ಖಾತೆಯಲ್ಲಿದ್ದ ಮೊತ್ತದಿಂದ ಹಿಡಿದು ಮನೆ ಖರೀದಿಯ ದಿನದವರೆಗಿನ ಪ್ರತಿ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಒದಗಿಸಿ. ಮಧ್ಯೆ ಕೊಂಡಿ ಕಳಚಿದರೆ, ಎಷ್ಟೇ ನುರಿತವರಾದರೂ ನಿಮ್ಮ ಹಕ್ಕನ್ನು ಸಾಬೀತುಪಡಿಸುವುದು ಕಷ್ಟ.