ಸಿಲಿಕೋನ್ ವೈರಾ, ಟೆಫ್ಲಾನ್ ವೈರಾ? ಎರಡೂ ಬಳಸಿ ನೋಡಿದ್ದು

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್‌ಪಿ ರೋಡಲ್ಲಿ "ಹೀಟ್ ತಡ್ಕೊಳ್ಳೋ ವೈರ್ ಕೊಡಿ" ಅಂದ್ರೆ ಸಾಮಾನ್ಯವಾಗಿ ಎರಡು ಐಟಂ ಕೌಂಟರ್ ಮೇಲೆ ಬರುತ್ತೆ, ಸಿಲಿಕೋನ್ ಇಲ್ಲಾಂದ್ರೆ ಟೆಫ್ಲಾನ್. ಎರಡ್ರಲ್ಲೂ 200 ಡಿಗ್ರಿ ಅಂತ ಹೇಳ್ತಾರೆ, ಆ ನಂಬರ್ ನೋಡ್ಕೊಂಡು ಆರಿಸೋಕೆ ಹೋದ್ರೆ ತಲೆ ಕೆಡುತ್ತೆ ಅಷ್ಟೇ, ಯಾಕಂದ್ರೆ ಕೈಯಲ್ಲಿ ಹಿಡಿದು ಕೆಲಸ ಮಾಡುವಾಗ ಎರಡೂ ಪೂರ್ತಿ ಬೇರೆ ಬೇರೆ.

ಮೊದಲು ಮಾಮೂಲಿ ಪಿವಿಸಿ ಹುಕಪ್ ವೈರ್, ಅಂದ್ರೆ ಸರ್ಕ್ಯೂಟ್ ಒಳಗೆ ಪಾರ್ಟ್‌ಗಳನ್ನ ಜೋಡಿಸೋ ಪ್ಲಾಸ್ಟಿಕ್ ಸಿಪ್ಪೆ ವೈರ್. ಇದರ ರೇಟಿಂಗ್ 80 ಡಿಗ್ರಿ, ಸ್ವಲ್ಪ ಒಳ್ಳೇದಾದ್ರೆ 105. ಸೋಲ್ಡರಿಂಗ್ ಐರನ್ ತುದಿ 350 ಡಿಗ್ರಿ ಹತ್ರ ಇರುತ್ತಲ್ಲ, ಜಾಯಿಂಟ್ ಹಾಕುವಾಗ ಬಿಸಿ ತಾಮ್ರದೊಳಗಿಂದಾನೇ ಹರಿದು ಬಂದು ಇನ್ಸುಲೇಷನ್ ಹಿಂದಕ್ಕೆ ಸರಿದುಬಿಡುತ್ತೆ, ಬರೀ ತಾಮ್ರ ಹೊರಗೆ ಕಾಣ್ತಿರುತ್ತೆ, ಒತ್ತೊತ್ತಾಗಿ ಪಿನ್ ಇದ್ರೆ ಶಾರ್ಟ್ ಗ್ಯಾರಂಟಿ. ಆದ್ರೂ ಎಲ್‌ಇಡಿ, ಬಟನ್, ಸೆನ್ಸರ್ ಅಂತ ಸಣ್ಣ ಕೆಲಸಕ್ಕೆ ಇದೇ ಸಾಕು, ಅಲ್ಲಿಗೂ ಟೆಫ್ಲಾನ್ ಹಾಕೋದು ಶೋಕಿ.

ಸಿಲಿಕೋನ್ ನಂಗೆ ತುಂಬಾ ಇಷ್ಟ. ಬೇಯಿಸಿದ ನೂಡಲ್ಸ್ ಥರ ಮೆತ್ತಗಿರುತ್ತೆ, ಹೇಗೆ ಬಗ್ಗಿಸಿದ್ರೂ ಬಗ್ಗುತ್ತೆ. ಒಳಗೆ 0.08 ಮಿಲಿಮೀಟರಿನ ಕೂದಲೆಳೆ ತಾಮ್ರ, 18 ಗೇಜಲ್ಲಿ 150 ಎಳೆ, 12 ಗೇಜಲ್ಲಿ 680 ಎಳೆ (ಗೇಜ್ ನಂಬರ್ ಕಮ್ಮಿ ಆದಷ್ಟೂ ತಾಮ್ರ ದಪ್ಪ). ಐರನ್ ಅಕಸ್ಮಾತ್ ತಾಗಿದ್ರೂ ಕರಗಲ್ಲ. ಬ್ಯಾಟರಿ ಪ್ಯಾಕ್, ಡ್ರೋನ್ ಮೋಟರ್, ಮಲ್ಟಿಮೀಟರ್ ಲೀಡ್, ಅಂದ್ರೆ ಅಲ್ಲಾಡೋ ಕಡೆ ಎಲ್ಲಾ ಇದೇ. ತೊಂದ್ರೆ ಏನಂದ್ರೆ ಮೇಲಿನ ಸಿಪ್ಪೆ ದಪ್ಪ, 22 ಗೇಜೇ ಹೊರಗಿಂದ ಸುಮಾರು 1.7 ಮಿಲಿಮೀಟರ್ ಆಗುತ್ತೆ, ಸಣ್ಣ ಕನೆಕ್ಟರ್ ಒಳಗೆ ತುರುಕೋಕಾಗಲ್ಲ. ಜೊತೆಗೆ ಒಂದು ಸಲ ಗೀರು ಬಿದ್ರೆ ಅಲ್ಲಿಂದ ಸುಲಭವಾಗಿ ಹರಿಯುತ್ತೆ, ಮೆಟಲ್ ಬಾಕ್ಸ್ ತೂತಿನಿಂದ ಎಳೀಬೇಕಂದ್ರೆ ತೂತಿನ ಅಂಚಿಗೆ ರಬ್ಬರ್ ಗ್ರೋಮೆಟ್ (ಬಳೆ ಥರದ್ದು) ಹಾಕ್ಲೇಬೇಕು.

ಟೆಫ್ಲಾನ್ ಅಂದ್ರೆ ಪಿಟಿಎಫ್‌ಇ, ನಾನ್‌ಸ್ಟಿಕ್ ಕಾವಲಿ ಮೇಲಿರುತ್ತಲ್ಲ ಅದೇ. 1938ರಲ್ಲಿ ಫ್ರಿಜ್ ಗ್ಯಾಸ್ ಮೇಲೆ ಕೆಲಸ ಮಾಡ್ತಿದ್ದಾಗ ಆಕಸ್ಮಿಕವಾಗಿ ಸಿಕ್ಕಿದ್ದಂತೆ. ಸಿಪ್ಪೆ ತೆಳು, 24 ಗೇಜ್ ವೈರ್ ಬರೀ 1.1 ಮಿಲಿಮೀಟರ್ ಹತ್ರ, ಹಾಗಾಗಿ ಇಕ್ಕಟ್ಟಿನ ಬೋರ್ಡಿಗೆ ಇದರಷ್ಟು ನೀಟಾಗಿ ಬೇರೆ ಯಾವುದೂ ಕೂರಲ್ಲ, ಬಗ್ಗಿಸಿದ ಕಡೆ ಹಾಗೇ ನಿಲ್ಲುತ್ತೆ, ಜಾಯಿಂಟ್ ಹಾಕೋಷ್ಟು ಹೊತ್ತು ಐರನ್ ಹಿಡಿದ್ರೂ ಇನ್ಸುಲೇಷನ್ ಹಿಂದಕ್ಕೆ ಸರಿಯಲ್ಲ. ಆದ್ರೆ ಸುಲಿಯೋದು ದೊಡ್ಡ ತಲೆನೋವು, ಜಾರುತ್ತೆ, ಒಳ್ಳೆ ಸ್ಟ್ರಿಪ್ಪರ್ ಇಲ್ದಿದ್ರೆ ಎಳೆಗಳೇ ಕಟ್ ಆಗ್ತವೆ. ಚೂಪಾದ ಅಂಚಿನ ಮೇಲೆ ಟೈಟಾಗಿ ಝಿಪ್ ಟೈ ಕಟ್ಬೇಡಿ, ಒತ್ತಡಕ್ಕೆ ಟೆಫ್ಲಾನ್ ನಿಧಾನಕ್ಕೆ ಸರಿದು ತೆಳುವಾಗುತ್ತೆ. ಅಂಗಡೀಲಿ ಇದನ್ನ 7/36, 19/36 ಅಂತ ಕೇಳ್ತಾರೆ, ಮೊದಲನೇದು ಎಳೆ ಎಷ್ಟು, ಎರಡನೇದು ಒಂದೊಂದು ಎಳೆ ಎಷ್ಟು ಗೇಜ್. 19/36 ತಗೊಂಡ್ರೆ ಅದೇ 24 ಗೇಜ್.

ಇನ್ನೊಂದು, ಟೆಫ್ಲಾನಲ್ಲಿ ತಾಮ್ರದ ಮೇಲಿನ ಕೋಟಿಂಗ್ ಕೇಳ್ಕೊಳ್ಳಿ. ಬೆಳ್ಳಿ ಕೋಟಿಂಗ್ ಆದ್ರೆ 200 ಡಿಗ್ರಿ, ನಿಕಲ್ ಆದ್ರೆ 260. ಜಾಸ್ತಿ ಅಂತ ನಿಕಲ್ ತಂದ್ರೆ ಮಾಮೂಲಿ ಫ್ಲಕ್ಸಿಗೆ (ಸೋಲ್ಡರ್ ಅಂಟೋಕೆ ಹಚ್ಚೋ ಪೇಸ್ಟ್) ಸೋಲ್ಡರ್ ಸರಿಯಾಗಿ ಹಿಡಿಯಲ್ಲ, ಪ್ರಾಜೆಕ್ಟಿಗೆ ಬೆಳ್ಳೀದೇ ಸರಿ. ತ್ರೀಡಿ ಪ್ರಿಂಟರ್ ಹೀಟರ್ ಪಕ್ಕದಲ್ಲೇ ಓಡಿಸ್ಬೇಕು ಅಂದ್ರೆ ಸಿಲಿಕೋನ್, ಟೆಫ್ಲಾನ್ ಎರಡನ್ನೂ ನೆಚ್ಕೋಬೇಡಿ, ಅಲ್ಲಿಗೆ ಫೈಬರ್‌ಗ್ಲಾಸ್ ಸ್ಲೀವ್.

ಹೀಟ್ ತಡೆಯುತ್ತೆ ಅಂತ ತೆಳು ವೈರಲ್ಲಿ ಆಂಪ್ಸ್ ಸುರಿಯೋರು ಇದಾರೆ, ಸಿಪ್ಪೆ ಯಾವುದಾದ್ರೂ ತಾಮ್ರ ತಾಮ್ರಾನೇ ಅಲ್ವಾ. 22 ಗೇಜಲ್ಲಿ 5 ಆಂಪ್ ಒಂದು ಮೀಟರ್ ದೂರ ಹೋಗಿ ವಾಪಸ್ ಬರೋಷ್ಟರಲ್ಲಿ ಅರ್ಧ ವೋಲ್ಟ್ ಮಾಯ, 5 ವೋಲ್ಟ್ ಎಲ್‌ಇಡಿ ಸ್ಟ್ರಿಪ್ ಕೊನೇಲಿ ಮಂಕಾಗೋದು ಹೀಗೇ.

ರೇಟು ಪಿವಿಸಿಗಿಂತ ಎರಡಕ್ಕೂ ಜಾಸ್ತೀನೇ, ಅದಕ್ಕೇ ರೋಲ್ ಬೇಡ, ಮೀಟರ್ ಲೆಕ್ಕದಲ್ಲಿ ಕಟ್ ಮಾಡಿಸ್ಕೊಳ್ಳಿ. ಆನ್‌ಲೈನಲ್ಲಿ ತೀರಾ ಚೀಪಾಗಿ ಸಿಕ್ರೆ ಡೌಟ್ ಪಡಿ, ತಾಮ್ರದ ಕೋಟಿಂಗ್ ಇರೋ ಅಲ್ಯೂಮಿನಿಯಂ ಇರಬಹುದು, ಬ್ಲೇಡಲ್ಲಿ ಕೆರೆದ್ರೆ ಒಳಗೆ ಬೆಳ್ಳಗೆ ಕಾಣುತ್ತೆ (ಟಿನ್ ಹಾಕಿದ ತಾಮ್ರ ಕೆರೆದ್ರೆ ಒಳಗೆ ಕೆಂಪು, ಕನ್ಫ್ಯೂಸ್ ಆಗ್ಬೇಡಿ). ಸಿಲಿಕೋನ್ ಅಂತ ಮೆತ್ತನೆ ಪಿವಿಸಿ ಮಾರೋದೂ ಉಂಟು, ತುಂಡು ಕಟ್ ಮಾಡಿ ಹೊರಗಡೆ ನಿಂತು ಲೈಟರ್ ಹಿಡೀರಿ, ನಿಜವಾದ ಸಿಲಿಕೋನ್ ಬೆಳ್ಳಗೆ ಬೂದಿಯಾಗುತ್ತೆ, ಪಿವಿಸಿ ಕರಗಿ ಕಪ್ಪಗೆ ಹೊಗೆ ಬಿಡುತ್ತೆ. ಟೆಫ್ಲಾನನ್ನ ಮಾತ್ರ ಹೀಗೆ ಸುಟ್ಟು ನೋಡೋಕೆ ಹೋಗ್ಬೇಡಿ, ಆ ಹೊಗೆ ವಿಷ.